ಹಗೇವಿನ ಮೇಲೆ ನಿಂತ ಕಾರು

ನಿಮ್ಮ ಅಜ್ಜನ ಕಾರು ಊರು ಹತ್ತಿರ ಬಂತೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಅದು ಹಳ್ಳದ ಸೇತುವೆ ದಾಟುವಾಗಲೇ ಸೈಲೆನ್ಸರಿನ ಸದ್ದು ನಮ್ಮ ಹಿತ್ತಲಿಗೆ ಕೇಳುತ್ತಿತ್ತು. ನಾನು ರೊಟ್ಟಿಯ ಹಂಚು ಇಳಿಸಿ ಚಹಾಕ್ಕೆ ನೀರು ಇಡುತ್ತಿದ್ದೆ. ಅವರು ತೀರಿಕೊಂಡ ಮೇಲೆ ಕಾರು ಮಗನ ಕೈಗೆ ಬಂತು, ಸದ್ದು ಮಾತ್ರ ವರ್ಷದಿಂದ ವರ್ಷಕ್ಕೆ ಬೆಳೆಯಿತು. ಹೊಗೆ ಹೋಗುವ ಕೊಳವೆಯನ್ನು ತುಕ್ಕು ತಿಂದಿತ್ತು. ಮಗ ತೂತಿಗೆ ತಗಡು ಸುತ್ತಿ ತಂತಿ ಬಿಗಿಯುತ್ತಿದ್ದ. ಕೆಲವು ದಿನ ಅದು ಸುಮ್ಮನಿದ್ದು, ಮತ್ತೆ ಪಕ್ಕದಲ್ಲೇ ಇನ್ನೊಂದು ಬಾಯಿ ತೆರೆಯುತ್ತಿತ್ತು.

ಆ ಕಾರಿನಲ್ಲಿ ಬೈಲಹೊಂಗಲದ ಪೇಟೆಗೆ ಹೋಗುವುದೆಂದರೆ ನನಗೆ ಜೀವ ಹಿಡಿಯಷ್ಟಾಗುತ್ತಿತ್ತು. ನನ್ನ ಸ್ವಭಾವ ನಿಮಗೆ ಗೊತ್ತಲ್ಲ, ನಾಲ್ಕು ಜನ ನೋಡಿದರೆ ಸೆರಗು ಮುಂದೆ ಎಳೆದುಕೊಳ್ಳುವವಳು. ಆ ಕಾರು ಬಂದರೆ ನಾಲ್ಕು ಜನ ಎಲ್ಲಿ, ಇಡೀ ಪೇಟೆಯೇ ತಿರುಗಿ ನೋಡುತ್ತಿತ್ತು. ಇನ್ನೊಂದು ಕಷ್ಟ ಅಂದರೆ ನನ್ನ ದನಿ ಸಣ್ಣದು. ಹಿಂದಿನ ಸೀಟಿನಿಂದ ‘ಸ್ವಲ್ಪ ನಿಲ್ಲಸಪಾ’ ಎಂದರೆ ಮುಂದೆ ಕೇಳುತ್ತಲೇ ಇರಲಿಲ್ಲ. ಹಾಗಾಗಿ ಎಷ್ಟು ದೂರ ಹೋದರೂ ನಾನು ಏನನ್ನೂ ಕೇಳದೆ ಕುಳಿತಿರುತ್ತಿದ್ದೆ.

ಹೀಗೇ ನಡೆದುಹೋಗುತ್ತಿತ್ತೇನೋ. ಆದರೆ ತೊರಗಲ್ಲಿಗೆ ಕೊಟ್ಟ ನನ್ನ ಮಗಳು ಬಸುರಿಯಾದಳು. ನಿಮ್ಮಲ್ಲಿ ಹಿರಿಯಳು ಆಗ ಅವಳ ಹೊಟ್ಟೆಯಲ್ಲಿದ್ದಳು. ಏಳನೆಯ ತಿಂಗಳಲ್ಲಿ ಕುಬಸ, ಅಂದರೆ ಸೀಮಂತ, ಮಾಡಿಸಿಕೊಂಡು, ಬಾಣಂತನಕ್ಕೆ ಅವಳನ್ನು ತವರಿಗೆ ಕರೆತರಬೇಕಿತ್ತು. ಕುಬಸದ ದಿನ ನಾವು ಅದೇ ಕಾರಿನಲ್ಲಿ ಹೋದೆವು. ಊಟವಾದ ಮೇಲೆ ಮಗಳ ಅತ್ತೆ, ಅಂದರೆ ನನ್ನ ಬೀಗತಿ, ಕೋಟೆಯ ಕೆಳಗಿನ ಗುಡಿಗೆ ಹೋಗಿ ಬರೋಣವೆಂದು ಕಾರು ಹತ್ತಿದರು. ಹೋಗಿ ಬರುವಷ್ಟರಲ್ಲಿ ಅವರ ಮುಖ ಕಪ್ಪಿಟ್ಟಿತ್ತು. ಕಟ್ಟೆಯ ಮೇಲೆ ಕುಳಿತು ನೀರು ಕುಡಿದು ಎಲ್ಲರ ಎದುರಿಗೇ ಅಂದರು:

“ಬೀಗರ, ನಿಮ್ಮ ಕಾರಿನ್ಯಾಗ ಹೊಗಿ ಒಳಗ ಬರತೈತಿ. ನನಗ ತಲಿ ಗಿರ್ರ ಅಂತು. ಇದರಾಗ ಬಸರ ಹೆಂಗಸನ್ನ ನಾ ಕಳಸೂದಿಲ್ಲ. ಬರೂ ಸೋಮವಾರ ಬಾಡಗಿ ಗಾಡಿ ಮಾಡಿ ನಾವ ಕಳಸತೀವಿ.”

ಅವರ ಮಾತಿನಲ್ಲಿ ತಪ್ಪಿರಲಿಲ್ಲ. ತೂತಿನಿಂದ ಬಂದ ಹೊಗೆ ನೆಲದ ಸಂದಿಯಿಂದ ಒಳಗೆ ಏರುತ್ತಿತ್ತು, ಅದು ನಮಗೂ ಗೊತ್ತಿತ್ತು. ಕಿಟಕಿ ತೆರೆದು ನಡೆಸುತ್ತಿದ್ದೆವು, ಅಷ್ಟೆ. ನಾನು ತಲೆ ತಗ್ಗಿಸಿ ಕುಳಿತೆ. ಆದರೆ ನಾವು ಹೊರಡುವಾಗ ಮಗಳು ಒಳಗಿನ ಕೋಣೆಯಲ್ಲಿ ನನ್ನ ಕೈ ಹಿಡಿದುಕೊಂಡಳು.

“ಯವ್ವಾ, ನಾ ಸಾಲಿಗಿ ಹೋಗಿದ್ದು ಆ ಕಾರಿನ್ಯಾಗ, ಲಗ್ನಾಗಿ ಇಲ್ಲಿಗಿ ಬಂದಿದ್ದೂ ಆ ಕಾರಿನ್ಯಾಗ. ಈಗ ಮಂದಿ ಗಾಡ್ಯಾಗ ತವರಮನಿಗಿ ಬರ್ಲೇನು? ಅಣ್ಣಗ ಹೇಳು, ಏನರ ಮಾಡಂತ.”

ಸೋಮವಾರ ದಾಟಿದರೆ ಎಂಟನೆಯ ತಿಂಗಳು ಹಿಡಿಯುತ್ತಿತ್ತು. ಎಂಟರಲ್ಲಿ ಬಸುರಿಯನ್ನು ಊರು ದಾಟಿಸುವ ಪದ್ಧತಿ ಅವರಲ್ಲೂ ಇಲ್ಲ, ನಮ್ಮಲ್ಲೂ ಇಲ್ಲ. ಆ ಸೋಮವಾರದೊಳಗೆ ಕಾರು ಸರಿಯಾಗಬೇಕಿತ್ತು.

ಮರುದಿನವೇ ಮಗ, ಸೊಸೆ, ನಾನು ಬೈಲಹೊಂಗಲಕ್ಕೆ ಹೋದೆವು. ಎಂಜಿನ್ನಿನ ಹತ್ತಿರದ ಹೊಗೆ ಸೋಸುವ ಡಬ್ಬಿ ಚೆನ್ನಾಗಿಯೇ ಇದೆ, ಅಲ್ಲಿಂದ ಹಿಂದಕ್ಕೆ ಕೊಳವೆಯೂ ದೊಡ್ಡ ಸೈಲೆನ್ಸರ್ ಡಬ್ಬಿಯೂ ಪೂರ್ತಿ ಹೊಸದಾಗಬೇಕು ಎಂದು ಗ್ಯಾರೇಜಿನವರು ಹೇಳಿದರು. ಕಾರು ಮಾಡಿದ ಕಂಪನಿ ಆ ಮಾದರಿಯ ಸಾಮಾನು ಮಾಡುವುದನ್ನು ನಿಲ್ಲಿಸಿತ್ತು. ಬೇರೆಯವರು ಮಾಡಿದ್ದು ಸಿಗುತ್ತದೆ, ಆದರೆ ಹಾಕಿಕೊಡಲು ಆ ವಾರ ಅವರಿಗೆ ಪುರಸತ್ತಿಲ್ಲ. ಮಗ ಎದೆಯುಬ್ಬಿಸಿ, “ಟ್ರ್ಯಾಕ್ಟರ್ ಬಿಚ್ಚಿ ಕೂಡ್ಸಾಂವ ನಾನು. ಇದೇನ ಮಹಾ? ಮನ್ಯಾಗ ಹಾಕೂಣು” ಎಂದ.

ಸಾಮಾನಿನ ಅಂಗಡಿಯಲ್ಲಿ ಶುರುವಾಯಿತು ನೋಡಿ ಜಗಳ. ಮಗನ ಕಣ್ಣು ಅಗಲ ಬಾಯಿಯ, ಫಳಫಳ ಹೊಳೆಯುವ ಒಂದು ಸೈಲೆನ್ಸರಿನ ಮೇಲೆ ಬಿತ್ತು. ಹುಡುಗರು ಹಾಕಿಕೊಂಡು ಗುಡುಗಿಸುತ್ತ ಹೋಗುವಂಥದ್ದು.

“ಇದರ ದನಿ ಹುಲಿ ಇದ್ದಂಗ ಇರತೈತಿ” ಅಂದ.

ಸೊಸೆ, “ಹುಲಿ ಅಲ್ರಿ, ಇದರ ದನಿಗಿ ನಮ್ಮ ನಾದ್ನಿ ಹೊಟ್ಯಾಗಿನ ಕೂಸು ಅಲ್ಲೇ ಎದ್ದ ಕುಂದರತೈತಿ. ಅದೂ ಅಲ್ದ ಪೊಲೀಸ್ರು ಸವದತ್ತಿ ದಾಟೂಮಟಾ ಬಿಡೂದಿಲ್ಲ ನಿಮ್ಮನ್ನ” ಎಂದಳು. ಅವಳು ತೋರಿಸಿದ್ದು ಉದ್ದನೆಯ, ಬಣ್ಣ ಬೆಡಗಿಲ್ಲದ ಒಂದು ಡಬ್ಬಿ.

“ಅದು ಹಾಲಿನ ಕ್ಯಾನ್ ಇದ್ದಂಗ ಐತಿ.”

“ಇರ್ಲಿ. ಹುಲಿ ಸಾಕೂದಕ್ಕಿಂತ ಹಾಲ ತರೂದು ಚಲೋ.”

ಅಂಗಡಿಯವರು ನಕ್ಕರು. ಗಂಡ ಹೆಂಡತಿ ಇಬ್ಬರೂ ಸೋಲುವವರಲ್ಲ. ಕೊನೆಗೆ ಮಗ ನನ್ನ ಕಡೆ ತಿರುಗಿ, “ಯವ್ವಾ, ನೀ ಹೇಳು. ನೀ ಹೇಳಿದ್ದ ಖರೇ” ಎಂದ. ಸೀರೆಯನ್ನೂ ನಾನು ಅಂಗಡಿಯಲ್ಲಿ ಬಾಯಿ ಬಿಟ್ಟು ಆರಿಸಿದವಳಲ್ಲ, ನಿಮ್ಮ ಅಜ್ಜ ತಂದದ್ದನ್ನು ಉಟ್ಟವಳು. ಕೊಳವೆಯನ್ನು ಏನೆಂದು ಆರಿಸಲಿ? ಹೊರಗೆ ಎರಡು ಗಾಡಿ ನಿಂತಿದ್ದವು. ಒಂದಕ್ಕೆ ಹೊಳೆಯುವ ತರಹದ್ದು, ಇನ್ನೊಂದಕ್ಕೆ ಉದ್ದನೆಯ ತರಹದ್ದು ಹಾಕಿದ್ದರು. ಅದನ್ನು ನೋಡಿ ನನಗೊಂದು ಹಾದಿ ಹೊಳೆಯಿತು.

“ಎರಡೂ ಚಾಲೂ ಮಾಡಸ್ರಿ. ನಾ ಹಿಂದ ಕುಂದರತೇನಿ. ಇಕಿ ಮುಂದ ಕುಂದರ್ಲಿ” ಎಂದೆ.

ಮೊದಲು ಹೊಳೆಯುವ ತರಹದ್ದು. ಸೊಸೆ ಮುಂದೆ ಕುಳಿತಳು, ನಾನು ಹಿಂದಿನಿಂದ ಯಾವಾಗಲೂ ಮಾತಾಡುವ ದನಿಯಲ್ಲೇ, “ನನಗ ಚಹಾ ಬೇಕಾಗೈತಿ” ಅಂದೆ. ಅವಳು ಮುಂದೆ ನೋಡುತ್ತಲೇ ಕುಳಿತಿದ್ದಳು. ಇನ್ನೊಂದು ಗಾಡಿಗೆ ಹತ್ತಿ ಅದನ್ನೇ ಅಂದೆ. ಅವಳು ಥಟ್ಟನೆ ತಿರುಗಿ, “ಅಯ್ಯ ಅತ್ತಿ, ಮೊದಲ ಹೇಳಬಾರದೇನ್ರಿ? ನನಗೂ ಬೇಕಾಗೈತಿ!” ಎಂದಳು.

ಕಾರಿನ ಹೊರಗೆ ನಿಂತ ಮಗ ತಲೆ ಕೆರೆದುಕೊಂಡ. “ಆತು. ಹಾಲಿನ ಕ್ಯಾನ್ ಗೆದ್ದಂಗಾತು” ಅಂದ. ತುಕ್ಕು ಹಿಡಿಯದ ಉಕ್ಕಿನ ಆ ಕೊಳವೆ, ಡಬ್ಬಿಯನ್ನು ಕಾರಿನ ಸೀಟು ಮಡಚಿ ಒಳಗೆ ಉದ್ದಕ್ಕೆ ಮಲಗಿಸಿಕೊಂಡು ಬಂದೆವು. ಚಹಾ ಕುಡಿದೇ ಬಂದೆವು.

ಇನ್ನು ಹಾಕುವುದು. ಕಾರಿನ ಕೆಳಗೆ ಹೊಕ್ಕು ಕೆಲಸ ಮಾಡಬೇಕೆಂದರೆ ಗ್ಯಾರೇಜಿನಲ್ಲಿರುವಂಥ ತಗ್ಗು ಬೇಕು. ನಮ್ಮ ಮನೆಯ ಮುಂದಿನ ಹಗೇವು ನೀವು ನೋಡಿದ್ದೀರಿ. ಮುಂಚೆ ಜೋಳ ತುಂಬಿ ನೆಲದೊಳಗೆ ಮುಚ್ಚಿಡುತ್ತಿದ್ದ ತಗ್ಗು ಅದು. ಬಳಕೆ ನಿಂತ ಮೇಲೆ ನಿಮ್ಮ ಅಜ್ಜ ಅದಕ್ಕೆ ಅರ್ಧ ಮಣ್ಣು ತುಂಬಿಸಿ ಬಾಯಿ ಅಗಲ ಮಾಡಿಸಿದ್ದರು, ಈಗ ಎದೆಮಟ್ಟ ಮಾತ್ರ ಉಳಿದಿದೆ. ಮಗ ಬಾಯಿಯ ಚಪ್ಪಡಿ ಸರಿಸಿದ. ಒಳಗಿನ ಕೆಟ್ಟ ಗಾಳಿ ಹೋಗಲೆಂದು ಶನಿವಾರ ಇಡೀ ದಿನ ಅದನ್ನು ತೆರೆದೇ ಇಡಿಸಿದೆ. ಹಗೇವಿಗೆ ಇಳಿಯುವವರು ಹಾಗೆ ಮಾಡಲೇಬೇಕು, ಅದನ್ನು ನನ್ನ ಅತ್ತೆ ಕಲಿಸಿದ್ದರು. ಭಾನುವಾರ ಬೆಳಿಗ್ಗೆ ಎಂಜಿನ್ ಆರಿಸಿ, ಮಗ ಸೊಸೆ ಕಾರನ್ನು ಕೈಯಿಂದ ನೂಕಿ ಅದರ ಮೇಲೆ ನಿಲ್ಲಿಸಿದರು. ಎರಡು ಗಾಲಿ ಆ ಕಡೆ, ಎರಡು ಈ ಕಡೆ, ಎಲ್ಲಕ್ಕೂ ಕಲ್ಲು ಅಡ್ಡ. ಮಗ ಹಗೇವಿಗೆ ಇಳಿದು ನಿಂತ. ಕಾರಿನ ಹೊಟ್ಟೆ ಸರಿಯಾಗಿ ಅವನ ಕೈಗೆ ಸಿಕ್ಕಿತು.

ಅವನು ಇಳಿಯುವ ಮುಂಚೆಯೇ ನಾನು ಒಂದು ಕೆಲಸ ಮುಗಿಸಿದ್ದೆ. ಸ್ನಾನ ಮಾಡಿ ಬಂದವಳು ಪಡಸಾಲೆಯಲ್ಲಿ ಮಲಗಿದ್ದ ಹೊಸ ಡಬ್ಬಿ ನೋಡಿದೆ. ಮಗಳು ಇದರ ಮೇಲೆ ಕುಳಿತು ಬರುವವಳು. ಹೊಸ ಎತ್ತಿಗಾಗಲಿ, ಉಳುವ ಹೊಸ ರಂಟೆಗಾಗಲಿ ವಿಭೂತಿ ಹಚ್ಚದೆ ನಮ್ಮ ಮನೆಯಲ್ಲಿ ಕೆಲಸಕ್ಕೆ ಹಚ್ಚಿದ್ದಿಲ್ಲ. ಮೂರು ಬೆರಳಿನಿಂದ ಡಬ್ಬಿಯ ಮೇಲೆ ಉದ್ದಕ್ಕೆ ವಿಭೂತಿ ಎಳೆದು, ಎಣ್ಣೆಯಲ್ಲಿ ಕಲಸಿದ ಕುಂಕುಮ ಇಟ್ಟು ಕೈಮುಗಿದೆ. ಮಗ ನೋಡಿ ನಕ್ಕ.

ಹಳೆಯದನ್ನು ಬಿಚ್ಚುವುದೇ ದೊಡ್ಡ ಕೆಲಸವಾಯಿತು. ತುಕ್ಕು ಹಿಡಿದ ಬೋಲ್ಟುಗಳಿಗೆ ಹಿಂದಿನ ದಿನವೇ ಎಣ್ಣೆ ಬಿಟ್ಟಿದ್ದರೂ ಒಂದು ಕದಲಲೇ ಇಲ್ಲ. ಸೊಸೆ ಮೇಲಿನಿಂದ ಬೋಲ್ಟು ತಿರುವುವ ಪಾನಾ ಕೊಡುತ್ತ, “ಹುಲಿ ದನಿ ಎಲ್ಲಿ ಹೋತ್ರಿ ಈಗ?” ಎಂದು ಕೇಳಿದಳು. ಹಗೇವಿನೊಳಗಿನಿಂದ ಬಂದ ಉತ್ತರವನ್ನು ನಾನು ಬರೆಯುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಹಳೆಯ ಕೊಳವೆ ಕೆಳಗೆ ಬಿತ್ತು. ನಾವು ಮೂವರೂ ಅದನ್ನು ಸುತ್ತುವರಿದು ನೋಡಿದೆವು. ತಗಡು, ತಂತಿ, ತುಕ್ಕು ಬಿಟ್ಟರೆ ಕೊಳವೆ ಎನ್ನುವುದು ಕಡಿಮೆಯೇ ಉಳಿದಿತ್ತು.

ಹೊಸದನ್ನು ಏರಿಸುವಾಗ ಇನ್ನೊಂದು ಸಿಕ್ಕು. ಕೊಳವೆ ಕಾರಿನ ಕೆಳಗೆ ರಬ್ಬರಿನ ಕೊಂಡಿಗಳಲ್ಲಿ ತೂಗುತ್ತಿರಬೇಕು. ಹೊಸ ರಬ್ಬರು ಬಿಗಿ, ಕಬ್ಬಿಣದ ಕಡ್ಡಿಯ ಮೇಲೆ ಏರುತ್ತಿಲ್ಲ. ಮಗನ ಕೈ ಕೆಂಪಾಯಿತು. ನಾನು ಬಚ್ಚಲಿನಿಂದ ಸಾಬೂನು ನೊರೆ ತಂದು ಅಂಚಿಗೆ ಕುಳಿತೆ.

“ಇದನ್ನ ಹಚ್ಚಿ ತಿರುವಿ ತಿರುವಿ ಏರ್ಸು. ಬಳಿಗಾರತಿ ಹೆಂಗ ಬಳಿ ಇಡಸ್ತಾಳ, ಹಂಗ” ಎಂದೆ.

ರಬ್ಬರು ಸರ್ರನೆ ಏರಿತು. “ಯವ್ವಾ, ಇನ್ನ ಮ್ಯಾಲ ಬಳಿಗಾರತಿ ಬಂದ್ರ ಕಾರನ್ನೂ ಅಕಿ ಮುಂದ ನಿಲ್ಲಸತೇನಿ” ಎಂದ. ಜೋಡಣೆಯ ನಡುವೆ ಹೊಗೆ ಸೋರದಂತೆ ಹೊಸ ಪ್ಯಾಕಿಂಗ್ ಇಟ್ಟು, ಬೋಲ್ಟು ಬಿಗಿದು, ಕಾರನ್ನು ನೂಕಿ ಹಗೇವಿನಿಂದ ದೂರ ಬಯಲಿಗೆ ತಂದೆವು. ಹಗೇವಿನಲ್ಲಿ ಹೊಗೆ ತುಂಬಬಾರದಲ್ಲ. ಮಗ ಚಾಲೂ ಮಾಡಿದ. ಸೊಸೆ ಜೋಡಣೆಗಳಿಗೆ ಸಾಬೂನು ನೊರೆ ಹಚ್ಚಿ ಬಗ್ಗಿ ನೋಡಿದಳು, ಎಲ್ಲಿಯೂ ಗುಳ್ಳೆ ಏಳಲಿಲ್ಲ. ಸದ್ದೂ ಮೆಲ್ಲಗೆ, ಗಿರಣಿ ದೂರದಲ್ಲಿ ತಿರುಗಿದಂತೆ. ಮೂವರೂ ಹಿಗ್ಗಿದೆವು.

ಸ್ವಲ್ಪ ಹೊತ್ತಿಗೆ ಕಾರಿನ ಹಿಂದಿನಿಂದ ಬಿಳಿ ಹೊಗೆ ಎದ್ದಿತು. ಕೊಳವೆಯ ಬಾಯಿಯಿಂದಲ್ಲ, ಡಬ್ಬಿಯ ಮೈಮೇಲಿನಿಂದ. ಎಣ್ಣೆ ಸುಟ್ಟ ವಾಸನೆ. ಮಗನ ಮುಖ ಇಳಿದುಹೋಯಿತು. “ಎಲ್ಲೋ ಒಡದೈತಿ. ನಾಳಿ ಏನ ಮುಖಾ ತೋರ್ಸೂದು ತೊರಗಲ್ಲಿಗಿ?” ಎಂದು ಎಂಜಿನ್ ಆರಿಸಿದ. ಸೊಸೆ ಡಬ್ಬಿಯ ಜೊತೆ ಬಂದಿದ್ದ ಚೀಟಿಯನ್ನು ಹುಡುಕಿ ಓದಿದಳು. ಚಾಲೂ ಮಾಡುವ ಮುಂಚೆ ಕೈ ಗುರುತು, ಎಣ್ಣೆ ಎಲ್ಲ ಒರೆಸಿ ತೆಗೆಯಬೇಕು, ಇಲ್ಲದಿದ್ದರೆ ಕಾಯ್ದಾಗ ಅವು ಉಕ್ಕಿನ ಮೇಲೆ ನಿಂತುಬಿಡುತ್ತವೆ ಎಂದು ಅದರಲ್ಲಿತ್ತು. ಅವಳು ನನ್ನ ಮುಖ ನೋಡಿದಳು. ನಾನು ಡಬ್ಬಿ ನೋಡಿದೆ. ಕುಂಕುಮದ ಎಣ್ಣೆ ಹೊಗೆಯಾಗಿ ಹೋಗಿತ್ತು. ವಿಭೂತಿ ಎಳೆದ ಜಾಗದಲ್ಲಿ ನನ್ನ ಮೂರು ಬೆರಳಿನ ಗೆರೆ ಬಂಗಾರದ ಬಣ್ಣಕ್ಕೆ ತಿರುಗಿ ಉಕ್ಕಿನಲ್ಲೇ ಕೂತಿತ್ತು.

ಆರಿದ ಮೇಲೆ ತಿಕ್ಕಿದೆವು, ಹುಣಸೆಹಣ್ಣು ಹಚ್ಚಿದೆವು, ಅದು ಹೋಗಲಿಲ್ಲ. ಮಗ ಮೊದಲು ಸಣ್ಣಗೆ, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. “ಇರ್ಲಿ ಬಿಡವಾ. ಇಡೀ ತಾಲೂಕಿನ್ಯಾಗ ವಿಭೂತಿ ಧಾರಣಿ ಆದ ಸೈಲೆನ್ಸರ್ ಇದೊಂದ!” ಮತ್ತೆ ಚಾಲೂ ಮಾಡಿದಾಗ ಹೊಗೆ ಇರಲಿಲ್ಲ.

ಸೋಮವಾರ ತೊರಗಲ್ಲಿಗೆ ಹೋದಾಗ ಬೀಗತಿ ಬಾಗಿಲಲ್ಲೇ ನಿಂತಿದ್ದರು. ಬಾಡಿಗೆ ಗಾಡಿಯವನಿಗೆ ಹೇಳಿ ಇಟ್ಟಿದ್ದರು, ಫೋನ್ ಮಾಡಿದರೆ ಬರುವಂತೆ. ಮಗಳಿಗೆ ಉಡಿ ತುಂಬುವುದೂ ಆಗಿತ್ತು. ಅವಳು ನನ್ನ ಮುಖವನ್ನೇ ನೋಡುತ್ತ ನಿಂತಿದ್ದಳು. ಮಗ ಏನೋ ವಿವರಿಸಲು ಹೋದ, ಬೀಗತಿ ಕೇಳಲಿಲ್ಲ. ಆಗ ಎಲ್ಲಿಂದ ಧೈರ್ಯ ಬಂತೋ, ನಾನೇ ಮುಂದೆ ಬಂದೆ.

“ಬೀಗರ, ನೀವ ಕುಂತ ನೋಡ್ರಿ. ಎಲ್ಲಾ ಕಿಡಕಿ ಮುಚ್ಚತೇವಿ. ನಿಮ್ಮ ಮೂಗು ಬ್ಯಾಡ ಅಂದ್ರ ಬ್ಯಾಡ. ಬಾಡಗಿ ಗಾಡಿನ ತರಸ್ರಿ, ನಾ ಒಂದ ಮಾತ ಆಡೂದಿಲ್ಲ.”

ಅವರು ನನ್ನನ್ನು ಹೊಸಬಳಂತೆ ನೋಡಿದರು. ಆಮೇಲೆ ಸೆರಗು ಸಿಕ್ಕಿಸಿ ಹಿಂದಿನ ಸೀಟಿನಲ್ಲಿ ಕುಳಿತರು. ಸೊಸೆ ಮುಂದೆ, ನಾನು ಅವರ ಪಕ್ಕದಲ್ಲಿ. ಕಿಟಕಿ ಮುಚ್ಚಿ ಮಗ ಎಂಜಿನ್ ಹಚ್ಚಿದ. ಬೀಗತಿ ಮೂಗರಳಿಸಿ ಒಮ್ಮೆ ಎಳೆದರು, ಬಗ್ಗಿ ಕಾಲಿನ ಹತ್ತಿರ ಇನ್ನೊಮ್ಮೆ ಎಳೆದರು.

“ನಿಂತಲ್ಲಿ ಏನ ತಿಳೀತೈತಿ? ಒಂದ ಸುತ್ತ ಹೊಡಿ” ಎಂದರು.

ಬಾಗಿಲು ತೆರೆದು ಮಗಳು ಗಂಟಿನ ಸಮೇತ ನಮ್ಮಿಬ್ಬರ ನಡುವೆ ಬಂದು ಕುಳಿತುಬಿಟ್ಟಳು. “ಅತ್ತಿ ಸುತ್ತ ಹೊಡದ್ರ ನಾನೂ ಹೊಡಿಯಾಕಿ.”

ಕೋಟೆ ಹಿಂದೆ ಹೋಯಿತು. “ಮುಂದಿನ ಊರಿನ ತನಕ ನೋಡೂಣು” ಎಂದರು ಬೀಗತಿ. ಆ ಊರೂ ಹೋಯಿತು. “ಚಡಾವ ಬಂದ್ರ ಹೊಗಿ ಬರತೈತಿ, ನೋಡೂಣು.” ಏರು ಹತ್ತಿ ಇಳಿದೆವು. ಬೀಗತಿ ಸೀರೆಯ ಮಡಿಲಿನಿಂದ ಫೋನ್ ತೆಗೆದು, “ಗಾಡಿ ಬ್ಯಾಡಪಾ, ನಮ್ಮ ಬೀಗರದ್ದ ಐತಿ” ಅಂದರು. ಮಗಳು ನನ್ನ ಕೈಯನ್ನು ಎಷ್ಟು ಬಿಗಿ ಹಿಡಿದಳೆಂದರೆ ಬಳೆ ಒತ್ತಿತು. ಮುಂದೆ ಕುಳಿತ ಇಬ್ಬರೂ ಕನ್ನಡಿಯಲ್ಲಿ ಒಬ್ಬರನ್ನೊಬ್ಬರು ನೋಡಿ ನಗುತ್ತಿದ್ದರು.

ಸವದತ್ತಿಯಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಬೀಗತಿ ಒಂದು ಕಾಲು ಹೊರಗಿಟ್ಟು ಹಾಗೇ ಕುಳಿತರು. ಬರಿಗಾಲು.

“ಅಯ್ಯ ಶಿವನ! ಚಪ್ಪಲಿ ಮನಿ ಬಾಗಲದಾಗ ಬಿಟ್ಟ ಬಂದೇನಿ. ಸುತ್ತ ಹೊಡಿಯಾಕ ಕುಂತಾಕಿ ನಾನು, ಎಲ್ಲಿಗಿ ತಂದ್ರಿ ನನ್ನ?”

ಇಳಿದು ನಿಂತಿದ್ದ ನಾನು ನಕ್ಕುಬಿಟ್ಟೆ. ಪೇಟೆಯ ನಡುವೆ, ಜನ ತಿರುಗಿ ನೋಡುವಂತೆ, ಸೆರಗು ಎಳೆದುಕೊಳ್ಳುವುದನ್ನೂ ಮರೆತು ನಕ್ಕೆ. ನನ್ನ ಚಪ್ಪಲಿ ಬಿಚ್ಚಿ ಅವರ ಮುಂದಿಡಲು ಬಗ್ಗಿದೆ. ಅಷ್ಟರಲ್ಲಿ ಅವರು ಕಾಲು ಮೆಲ್ಲಗೆ ಒಳಗೆಳೆದುಕೊಂಡು ತುಟಿಯ ಮೇಲೆ ಬೆರಳಿಟ್ಟರು. ಮಗಳು ನಿದ್ದೆ ಹೋಗಿದ್ದಳು. ಅವಳ ತಲೆ ನಾನು ಕುಳಿತಿದ್ದ ಕಡೆ ವಾಲಿರಲಿಲ್ಲ, ಅತ್ತೆಯ ಹೆಗಲಿಗೆ ಒರಗಿತ್ತು.

“ಎಬ್ಬಸಬ್ಯಾಡ್ರಿ,” ಬೀಗತಿ ಪಿಸುಗುಟ್ಟಿದರು, “ಚಹಾ ಇಲ್ಲೇ ತರಸ್ರಿ. ಮನಿ ಮುಟ್ಟೂತನಕಾ ನಾ ಅಳ್ಳಾಡೂದಿಲ್ಲ.”