ಎಂಟನೆಯ ನೀರು

ಜಗ್ವಾನ್ ಬೆಟ್ಟದ ಬುಡದ ನಮ್ಮ ಊರಿನಲ್ಲಿ ನಿಸ್ರಿ ಹೂ ಬಿಡುವುದು ಮೇ ತಿಂಗಳ ಮೂರೇ ವಾರ. ಐದು ಎಸಳಿನ ಕಾಡುಗುಲಾಬಿ. ಬಿಸಿಲೇರಿತೋ, ಉದುರಿ ಹೋಯಿತು. ನಸುಕಿನಲ್ಲೇ ಮುಳ್ಳಿಗೆ ಕೈಯೊಡ್ಡಿ ಕೊಯ್ದು ತಂದು, ಹೆಂಗಸರೆಲ್ಲ ಮನ್ನೂಬಿಯಾಳ ಅಂಗಳದಲ್ಲಿ ಪನ್ನೀರು ಬಟ್ಟಿ ಇಳಿಸುತ್ತಿದ್ದೆವು. ಊರಿಗೆಲ್ಲ ಅವಳು ಖಾಲ್ತಿ, ಅಂದರೆ ಚಿಕ್ಕಮ್ಮ. ಗಂಡ ಸಾದೋಕ್ ಕಲ್ಲುಗಣಿಯಲ್ಲಿ ತೀರಿಕೊಂಡು ಇಪ್ಪತ್ತು ವರ್ಷ, ಮಕ್ಕಳಿಲ್ಲ. ಆ ಮೂರು ವಾರ ಕಳೆದರೆ ಅವಳ ಅಂಗಳಕ್ಕೆ ಬೆಕ್ಕು ಬಿಟ್ಟು ಇನ್ಯಾರೂ ಕಾಲಿಡುತ್ತಿರಲಿಲ್ಲ. ಪಕ್ಕದ ಮನೆಯವಳಾದ ನಾನೇನು ದಿನಾ ಹೋಗಿ ಮಾತಾಡಿಸುತ್ತಿದ್ದೆನೆ? ಸುಳ್ಳು ಯಾಕೆ, ಇಲ್ಲ.

ನಾವು ಹೋಗುತ್ತಿದ್ದದ್ದು ಅವಳ ಮೂಗಿಗಾಗಿ. ತಾಮ್ರದ ಹಂಡೆಯಲ್ಲಿ ಹೂ ಕುದಿಯುತ್ತದೆ. ಮೇಲಿನ ಪಾತ್ರೆಯಲ್ಲಿ ತಣ್ಣೀರು. ಬಿಸಿಯಾದ ಹಾಗೆಲ್ಲ ಅದನ್ನು ಚೆಲ್ಲಿ ಬೇರೆ ತುಂಬಬೇಕು. ಆವಿ ತಣಿದು ನಳಿಗೆಯಿಂದ ಗಾಜಿನ ಬುರುಡೆಗೆ ತೊಟ್ಟಿಕ್ಕುತ್ತದೆ. ಒಂದು ಹೊತ್ತಿನವರೆಗೆ ಅದು ಹೂವಿನ ಜೀವ, ಆಮೇಲೆ ಬರುವುದು ಬರೀ ಬೆಂದ ಸೊಪ್ಪಿನ ನೀರು. ಅದು ಒಂದಿಷ್ಟು ಬೆರೆತರೂ ಇಡೀ ಬುರುಡೆ ಹಾಳು. ಅಂಗಳವೆಲ್ಲ ಘಮದಲ್ಲಿ ಮುಳುಗಿರುವಾಗ ಆ ವ್ಯತ್ಯಾಸ ನಮ್ಮಂಥವರ ಮೂಗಿಗೆ ಹತ್ತುವುದಿಲ್ಲ. ಖಾಲ್ತಿ ಬುರುಡೆಯ ಬಾಯಿಗೆ ಬಗ್ಗುತ್ತಿದ್ದಳು. “ಸಾಕಾ, ಖಾಲ್ತಿ?” ಎಂದು ನಾವು ಕೇಳುತ್ತಿದ್ದೆವು. ಅವಳು ಕಣ್ಣುಮುಚ್ಚಿ “ಸಾಕು” ಅಂದರೆ ಸಾಕು. ಒಂದು ಬುರುಡೆಗೆ ಒಂದೇ ಮೂಗು ಎನ್ನುವುದು ನಮ್ಮ ಕಡೆಯ ಕಟ್ಟಳೆ.

ಆ ವರ್ಷ ಹೂಗಾಲದಲ್ಲೇ ಮಳೆ ಹಿಡಿಯಿತು. ಹೂವೆಲ್ಲ ತೊಯ್ದು ತೊಪ್ಪೆ. ಮೊದಲ ಸರದಿ ನನ್ನದು. “ಸಾಕಾ?” ಎಂದೆ. “ಇನ್ನೊಂದ್ಸಲ ನೀರು ಬದಲಿಸು,” ಎಂದಳು. ಬದಲಿಸಿದೆ, ಎಂಟನೆಯ ಸಲ. ಆಮೇಲೆ “ಸಾಕು” ಎಂದಳು. ವಾರದ ಮೇಲೆ ಟ್ಯೂನಿಸ್‌ನಿಂದ ಅತ್ತರಿನ ಶೆದ್ಲಿ ಬಂದ. ವರ್ಷವರ್ಷವೂ ನಮ್ಮ ಪನ್ನೀರನ್ನು ಒಯ್ದು ಸುಗಂಧಕ್ಕೆ ಕೂಡಿಸುವವನು ಅವನು. ನನ್ನ ಬುರುಡೆಯ ಬಿರಡೆ ತೆಗೆದು ಮೂಸಿ, ಮುಖ ಸಿಂಡರಿಸಿದ.

“ಏನಕ್ಕಾ ಇದು? ನಿಸ್ರಿನೋ, ಸೊಪ್ಪು ಬಸಿದ ನೀರೋ?”

ಮೈಯೆಲ್ಲ ಉರಿದುಹೋಯಿತು ನನಗೆ. ಕೈಮೇಲೆ ಮುಳ್ಳು ಗೀರಿದ ಗಾಯ ಇನ್ನೂ ಆರಿರಲಿಲ್ಲ. ಬುರುಡೆ ಎತ್ತಿಕೊಂಡು ನೇರ ಖಾಲ್ತಿಯ ಅಂಗಳಕ್ಕೆ ನುಗ್ಗಿದೆ. ಅಲ್ಲಿ ಏಳೆಂಟು ಹೆಂಗಸರಿದ್ದರು.

“ಮೂಸು ಇದನ್ನ! ಮೂಗು ಅಡ ಇಟ್ಟಿದ್ಯಾ?”

ಅವಳು ಬಗ್ಗಿದಳು, ಕಣ್ಣು ಮುಚ್ಚಿದಳು. “ಚೆನ್ನಾಗೇ ಇದೆಯಲ್ಲೇ ಬೆಹಿಜಾ,” ಎಂದಳು.

ಆಗ ನನಗೆ ಹೊಳೆಯಿತು. ಹಿಂದಿನ ಚಳಿಗಾಲ ಅವಳ ಮನೆಯಿಂದ ಸೀದ ವಾಸನೆ ಬಂದು ನಾನು ಓಡಿಹೋಗಿದ್ದೆ. ಒಲೆಯ ಮೇಲೆ ರೊಟ್ಟಿ ಇದ್ದಿಲಾಗಿತ್ತು. ಅವಳು ಪಕ್ಕದ ಕೋಣೆಯಲ್ಲಿ ನೆಮ್ಮದಿಯಾಗಿ ಬಟಾಣಿ ಸುಲಿಯುತ್ತಿದ್ದಳು.

“ನಿಂಗೆ ವಾಸನೇನೇ ಬರಲ್ಲ!” ಎಂದು ಎಲ್ಲರೆದುರಿಗೆ ಕಿರುಚಿದೆ. ಎಲುಬಿಲ್ಲದ ನಾಲಿಗೆ ನನ್ನದು.

ಖಾಲ್ತಿ ಅಲ್ಲಗಳೆಯಲಿಲ್ಲ. “ಮೂರು ವರ್ಷ ಆಯ್ತು. ಆ ಜ್ವರ ಬಂತಲ್ಲ, ಹೋಗ್ತಾ ಮೂಗನ್ನೂ ತಗೊಂಡು ಹೋಯ್ತು. ಎಂಟು ಸಲ ನೀರು ಬದಲಿಸಿದ್ರೆ ಹದ ಅಂತ ಎಣಿಸ್ಕೊಂಡು ಹೇಳ್ತಿದ್ದೆ. ಮಳೇಲಿ ತೊಯ್ದ ಹೂವಿಗೆ ಆರೇ ಆಗ್ಬೇಕಿತ್ತೇನೋ.”

“ಒಂದು ಮಾತು ಹೇಳೋದಲ್ವಾ?”

“ಹೇಳಿದ್ರೆ ನೀವು ಬರ್ತಿದ್ರಾ?”

ನಾನು ಬುರುಡೆ ಎತ್ತಿಕೊಂಡು ಹೊರಟುಬಂದೆ.

ಮುಂದಿನ ಮೇ ತಿಂಗಳಲ್ಲೂ ಹೋದೆವು, ಬಿಟ್ಟರೆ ಚೆನ್ನಾಗಿರುವುದಿಲ್ಲ ಅಂತ. ಖಾಲ್ತಿಯನ್ನು ಹಂಡೆಯ ಪಕ್ಕದಲ್ಲೇ ದಿಂಬು ಹಾಕಿ ಕೂರಿಸಿ, ಕೈಗೆ ಕಾಫಿ ಕೊಟ್ಟೆವು. “ನೀನು ಕೂತ್ಕೊ ಖಾಲ್ತಿ, ನಿಂಗ್ಯಾಕೆ ಕಷ್ಟ,” ಎಂದರು ಎಲ್ಲರೂ. ಬುರುಡೆಗೆ ಬಗ್ಗಿದ್ದು ಎದುರು ಮನೆಯ ದೂಜಾಳ ಸೊಸೆ. “ಸಾಕಾ?” ಎಂದು ನಾವು ಕೇಳಿದ್ದೂ ಅವಳನ್ನೇ. ಖಾಲ್ತಿಯ ತುಟಿ ತಾನಾಗಿ ತೆರೆದು ಮತ್ತೆ ಮುಚ್ಚಿಕೊಂಡಿತು. ಅದನ್ನು ಕಂಡವಳು ನಾನೊಬ್ಬಳೇ. ಮಾಡಿದ್ದು ನಾನೇ ತಾನೆ!

ಎಲ್ಲರೂ ಹೋದ ಮೇಲೆ ಉಳಿದುಕೊಂಡೆ. “ಸಿಟ್ಟಿದ್ರೆ ಬೈದುಬಿಡು ಖಾಲ್ತಿ.”

“ಬೈದ್ರೆ ನೀನೂ ಬರಲ್ಲ,” ಎಂದು ನಕ್ಕಳು. ಆಮೇಲೆ ಬುರುಡೆಯನ್ನು ನನ್ನತ್ತ ಸರಿಸಿದಳು. “ಊರಿಗೇ ಹಂಚೋಷ್ಟು ಮಾತಿದೆ ನಿನ್ನ ಹತ್ರ. ಇದನ್ನ ಮೂಸಿ, ಹೇಗಿದೆ ಹೇಳೇ. ಸಾದೋಕ್ ನನ್ನನ್ನ ನೋಡೋಕೆ ಬಂದ ದಿನ ಅವನ ಕೈಗೆ ಇದನ್ನೇ ಚಿಮುಕಿಸಿದ್ದೆ. ಈಗ ಎಷ್ಟು ನೆನೆಸ್ಕೊಂಡ್ರೂ ಆ ಘಮ ಸಿಗ್ತಾ ಇಲ್ಲ.”

ಮೂಸಿದೆ. ಬಾಯಿ ತೆರೆದೆ, ಮಾತಿಲ್ಲ. ಜಗಳಕ್ಕೆ ನಿಂತರೆ ಇಡೀ ಸಂತೆಯ ಬಾಯಿ ಮುಚ್ಚಿಸುವವಳು ನಾನು.

“ನಿಸ್ರಿ ಥರಾನೇ ಇದೆ, ಖಾಲ್ತಿ,” ಎಂದೆ ಕೊನೆಗೆ.

ಅವಳು ಇನ್ನೂ ಸ್ವಲ್ಪ ಹೊತ್ತು ನನ್ನ ಬಾಯನ್ನೇ ನೋಡುತ್ತ ಕಾದಳು. ಆಮೇಲೆ “ಸಾಕು” ಎಂದು ಬಿರಡೆ ಹಾಕಿದಳು.