ಮಾಯವಾಗಬೇಕಿದ್ದ ಎಣ್ಣೆಚುಕ್ಕೆ

ಅಥವಾ ಹದಿನೈದು ಎಂದು ಮೊದಲು ಹೇಳಿದ್ದು ನಾನೇ ಇರಬಹುದು. ಹಾಗಿದ್ದರೆ ಈ ಹೊಟ್ಟೆಯುರಿಗೆ ಅರ್ಥವೇ ಇಲ್ಲ. ಆದರೆ ಉರಿ ಇನ್ನೂ ಇದೆ. ಹಾಗಾಗಿ ಅವಳೇ ಮೊದಲು ಹೇಳಿದಳೆಂದು ಇಟ್ಟುಕೊಳ್ಳುತ್ತೇನೆ.

ಜಪಾನಿನ ತ್ಸುಕುಬಾದ ನಮ್ಮ ಲ್ಯಾಬಿನಲ್ಲಿ ಬೆಳಕನ್ನು ಅಳೆಯುವುದೇ ಕೆಲಸ. ನನ್ನ ಜೊತೆ ಕೆಲಸ ಮಾಡುತ್ತಿದ್ದ ಅವಳು ಮೈಸೂರಿನವಳು, ನಾನು ಬೆಂಗಳೂರಿನವನು. ಇಬ್ಬರ ಕೆಲಸದ ಒಪ್ಪಂದವೂ ಮಾರ್ಚಿಗೆ ಮುಗಿಯುತ್ತಿತ್ತು. ಹಳೆಯ ಕಾಲದ ಅಳತೆಗಳನ್ನು ಮತ್ತೆ ಮಾಡಿ ನೋಡುವ ಯೋಜನೆಯೊಂದು ಲ್ಯಾಬಿನ ಮುಖ್ಯಸ್ಥರಾದ ಸೆನ್ಸೇ ಬಳಿ ಇತ್ತು. ಅದರಲ್ಲಿ ಒಂದೇ ಜಾಗ. ಬೇಕಾದದ್ದು ನಂಬಬಹುದಾದ ಒಂದು ಜೊತೆ ಕಣ್ಣು.

ವಿಕ್ಟೋರಿಯಾ ರಾಣಿಯ ಕಾಲದಲ್ಲಿ ದೀಪದ ಗ್ಯಾಸನ್ನು ಪರೀಕ್ಷಿಸುತ್ತಿದ್ದ ರೀತಿ ಕೇಳಲು ಸರಳ. ಕತ್ತಲೆ ಕೋಣೆ, ಉದ್ದನೆಯ ಪಟ್ಟಿ. ಒಂದು ತುದಿಯಲ್ಲಿ ಗ್ಯಾಸಿನ ಜ್ವಾಲೆ, ಇನ್ನೊಂದರಲ್ಲಿ ಮೇಣದಬತ್ತಿ. ನಡುವೆ ಜಾರುವ ಪೆಟ್ಟಿಗೆಯೊಳಗೆ ಎಣ್ಣೆಚುಕ್ಕೆ ಬಿದ್ದ ಕಾಗದ. ಎರಡೂ ಕಡೆಯ ಬೆಳಕು ಸಮವಾದಲ್ಲಿ ಚುಕ್ಕೆ ಮಾಯವಾಗುತ್ತದೆ. ಅಲ್ಲಿ ಪಟ್ಟಿಯ ಗೆರೆ ಓದಿದರೆ ಗ್ಯಾಸು ಎಷ್ಟು ಬತ್ತಿಗೆ ಸಮ ಎಂದು ತಿಳಿಯುತ್ತದೆ. ಆಗಿನವರದು ತಿಮಿಂಗಿಲದ ಮೇಣ, ನಮ್ಮದು ಪ್ಯಾರಾಫಿನ್.

ಮಾಯವಾಗುತ್ತದೆ ಎಂಬುದು ಪುಸ್ತಕದ ಮಾತು. ಎರಡು ಜ್ವಾಲೆಗಳ ಬಣ್ಣ ಒಂದೇ ಅಲ್ಲ. ನನಗೆ ಚುಕ್ಕೆ ಒಗೆದ ಅಂಗಿಯ ಕಾಫಿ ಕಲೆಯಂತೆ ಒಂದಿಷ್ಟು ಉಳಿದೇ ಇರುತ್ತಿತ್ತು. ಪೆಟ್ಟಿಗೆಯನ್ನು ಹಿಂದಕ್ಕೂ ಮುಂದಕ್ಕೂ ಜಾರಿಸುತ್ತ ಬೆವರುತ್ತಿದ್ದೆ. ಅವಳು ಒಂದೇ ಸಲ ತಳ್ಳಿ ನಿಲ್ಲಿಸುತ್ತಿದ್ದಳು.

"ಏನೋ, ಚಪಾತಿ ಲಟ್ಟಿಸ್ತಿದ್ಯಾ?"

"ನಿಂಗೆ ಮಾಯ ಆಗತ್ತೆ ಅಂತ ಎಲ್ರಿಗೂ ಆಗ್ಬೇಕಾ?"

"ಆಗ್ಲೇಬೇಕು ಕಣೋ. ಅದೇ ಅಲ್ವಾ ಟೆಸ್ಟು."

ಆಯ್ಕೆಯ ದಿನ ಹತ್ತು ಸುತ್ತು. ಪ್ರತಿ ಸುತ್ತಿನಲ್ಲೂ ಮೊದಲು ಅವಳು, ಆಮೇಲೆ ನಾನು. ನಡುವೆ ಸೆನ್ಸೇ ಪೆಟ್ಟಿಗೆಯನ್ನು ತುದಿಗೆ ತಳ್ಳಿಬಿಡುವರು. ಒಬ್ಬರ ಅಳತೆ ಇನ್ನೊಬ್ಬರಿಗೆ ತಿಳಿಯಬಾರದಷ್ಟೆ. ಆದರೆ ನಮ್ಮ ಲ್ಯಾಬಿನಲ್ಲಿ ವಾಲ್ವ್ ಮುಚ್ಚಿದರೂ ಇಲ್ಲಿನ ರೈಲು ಚಾಲಕರ ಹಾಗೆ ಅದಕ್ಕೆ ಬೆರಳು ತೋರಿಸಿ, "ಯೋಶಿ", ಅಂದರೆ ಸರಿಯಿದೆ, ಎಂದು ಗಟ್ಟಿಯಾಗಿ ಹೇಳಬೇಕು. ವರ್ಷಗಳಿಂದ ಕೈಗೂ ಬಾಯಿಗೂ ಅಂಟಿದ ಅಭ್ಯಾಸ. ಅವಳು ಗೆರೆಗೆ ಬೆರಳು ತೋರಿಸಿ ಅಂಕಿಯನ್ನು ಕೂಗಿದಳು. ನಾನು ಮೂರು ಹೆಜ್ಜೆ ಆಚೆ ಗೋಡೆಗೆ ಮುಖ ಮಾಡಿ ನಿಂತಿದ್ದೆ. ಗೋಡೆಗೆ ಮುಖ ಮಾಡಿದರೆ ಕಿವಿ ಮುಚ್ಚುತ್ತದೆಯೆ? ಮೂವರಿಗೂ ಇದು ಹೊಳೆಯಲಿಲ್ಲ. ಇಲ್ಲ, ನನಗೆ ಹೊಳೆದಿತ್ತು. ಮೂರನೆಯ ಸುತ್ತಿಗೇ ಹೊಳೆದಿರಬೇಕು. ಆಮೇಲೆ ನಮ್ಮ ಅಂಕಿಗಳು ಅಕ್ಕಪಕ್ಕ ಬಂದವು. ಸೆನ್ಸೇ ತಲೆಯಾಡಿಸಿದರು.

ಏಳನೆಯ ಸುತ್ತಿನಲ್ಲಿ ಅವಳು "ಹದಿನೈದು" ಎಂದಳು. ಅದುವರೆಗೆ ಎಲ್ಲವೂ ಹದಿನಾಲ್ಕರ ಆಸುಪಾಸು. ನಾನು ಹೋಗಿ, ಪೆಟ್ಟಿಗೆ ಜಾರಿಸಿ, ಬೆರಳು ತೋರಿಸಿ "ಹದಿನೈದು" ಎಂದೆ.

"ಸುಮಿಮಾಸೆನ್" ಎಂದು ಕ್ಷಮೆ ಕೇಳಿದಳು ಹಿಂದಿನಿಂದ. "ಗೆರೆ ತಪ್ಪು ಓದ್ಬಿಟ್ಟೆ. ನಂದು ಹದಿನಾಲ್ಕು."

ಸೆನ್ಸೇ ಅವಳ ಅಂಕಿಯನ್ನು ತಿದ್ದಿದರು. ನನ್ನದನ್ನು ಹಾಗೇ ಬಿಟ್ಟರು. ಏನೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು.

ಜಾಗ ಅವಳಿಗೆ ಸಿಕ್ಕಿತು. ಅಂದು ಸಂಜೆ ಸೈಕಲ್ ಸ್ಟ್ಯಾಂಡಿನಲ್ಲಿ ಅವಳೇ ಮಾತಾಡಿಸಿದಳು.

"ಬೇಜಾರಾ?"

"ಇಲ್ಲಪ್ಪ."

"ಸುಳ್ಳು. ಕೊಂಬಿನಿಗೆ ಬಾ, ಕಾಫಿ ಕೊಡಿಸ್ತೀನಿ."

ದಿನವಿಡೀ ತೆರೆದಿರುವ ಆ ಪುಟ್ಟ ಅಂಗಡಿಗೆ ಹೋದೆ. ಕಾಫಿಯನ್ನೂ ಕುಡಿದೆ. ಅವಳು ಹೊಸ ಕೆಲಸದ ಬಗ್ಗೆ ಹೇಳುತ್ತಿದ್ದಾಗ ನಾನು ನೋಡುತ್ತಿದ್ದದ್ದು ಅವಳ ಕಣ್ಣುಗಳನ್ನು. ಸಾಮಾನ್ಯ ಕಣ್ಣುಗಳು. ಅವುಗಳಿಗೆ ಚಾಳೀಸು ಬರಲಿ ಎಂದು ಬಯಸಿದ್ದು ಮಾತ್ರ ಸ್ಪಷ್ಟವಾಗಿ ನೆನಪಿದೆ.

ಒಂದು ವಿಷಯ ಇನ್ನೂ ಕೊರೆಯುತ್ತದೆ. ಅವಳು ತಿದ್ದಿಕೊಂಡಾಗ ಅವಳ ಪೆಟ್ಟಿಗೆ ನಿಂತಿದ್ದ ಜಾಗ ಅಳಿಸಿಹೋಗಿತ್ತು. ತಪ್ಪು ಓದಿದ್ದು ಹೇಗೆ ಗೊತ್ತಾಯಿತು? ನಿಜವಾಗಿಯೂ ಆಗ ನೆನಪಾಯಿತೋ, ನಾನು ಕಿವಿಯಿಂದ ಅಳೆಯುತ್ತಿದ್ದೇನೆಂದು ತಿಳಿದೇ ಹದಿನೈದು ಎಂದಳೋ, ನಾನು ಕೇಳಲಿಲ್ಲ. ಗ್ಯಾಸು ಆ ಕ್ಷಣಕ್ಕೆ ನಿಜವಾಗಿಯೂ ಹೆಚ್ಚು ಉರಿದಿರಲೂಬಹುದು. ಹದಿನೈದರಲ್ಲಿ ಚುಕ್ಕೆ ನನಗೆ ಕಾಣದಾಗಿತ್ತು ಎಂದು ಇವತ್ತಿಗೂ ಅನಿಸುತ್ತದೆ. ಆದರೆ ಅವಳು ಹದಿನಾರು ಎಂದಿದ್ದರೆ ಅಲ್ಲಿಯೂ ಕಾಣದಾಗುತ್ತಿತ್ತೋ ಏನೋ, ನನಗೆ ಗೊತ್ತಿಲ್ಲ.