ನನ್ನ ಹೆಸರಿನಲ್ಲಿ ಆಡಿದವಳು

ನನಗೆ ಫುಟ್‌ಬಾಲ್ ಬರುವುದಿಲ್ಲ. ಚೆಂಡು ನನ್ನ ಕಡೆ ಉರುಳಿ ಬಂದರೆ ಸೀರೆ ಎತ್ತಿ ಹಿಡಿದು ಪಕ್ಕಕ್ಕೆ ಸರಿಯುವವಳು ನಾನು. ಹಾಗಿದ್ದೂ ನನ್ನ ಬೀರುವಿನ ಫೈಲಿನಲ್ಲಿ ಒಂದು ಸರ್ಟಿಫಿಕೇಟ್ ಇದೆ. ಜಿಲ್ಲಾ ಮಟ್ಟದ ಹುಡುಗಿಯರ ಫುಟ್‌ಬಾಲ್ ಪಂದ್ಯದಲ್ಲಿ ಮೊದಲ ಸ್ಥಾನ ಪಡೆದ ತಂಡದ ಆಟಗಾರ್ತಿ ಎಂದು ಅದರಲ್ಲಿ ನನ್ನ ಹೆಸರು ದುಂಡಗೆ ಬರೆದಿದೆ. ಅದರಿಂದ ನನಗೆ ಟಿ.ಸಿ.ಎಚ್. ಸೀಟು ಸಿಕ್ಕಿತು, ಟಿ.ಸಿ.ಎಚ್.ನಿಂದ ಟೀಚರ್ ಕೆಲಸ ಸಿಕ್ಕಿತು. ಮಕ್ಕಳಿಗೆ ‘ಸುಳ್ಳು ಹೇಳಬಾರದು’ ಎಂದು ಬೋರ್ಡಿನ ಮೇಲೆ ಬರೆದು ಮೂರು ಸಲ ಓದಿಸುವವಳೂ ನಾನೇ. ಥೂ, ನನ್ನ ಮುಖಕ್ಕಿಷ್ಟು.

ತೊಂಬತ್ತರ ದಶಕದ ನಡುವಿನ ಮಾತು. ನಾನು ಮುಳಬಾಗಿಲಿನಲ್ಲಿ ಹತ್ತನೇ ತರಗತಿ ಓದುತ್ತಿದ್ದೆ. ಅಪ್ಪ ಕಚೇರಿಯೊಂದರಲ್ಲಿ ಗುಮಾಸ್ತರು. ಮಗಳು ಟೀಚರ್ ಆಗಬೇಕೆಂಬುದು ಅವರ ಆಸೆ. ಮಗಳ ಅಂಕಗಳಿಗೆ ಮಾತ್ರ ಆ ಆಸೆ ಇರಲಿಲ್ಲ. ಕ್ರೀಡೆಯ ಸರ್ಟಿಫಿಕೇಟ್ ಇದ್ದರೆ ಸೀಟು ಸುಲಭ ಎಂದು ಯಾರೋ ಅವರ ಕಿವಿಯಲ್ಲಿ ಊದಿದ್ದರು. ನಮ್ಮ ಕಡೆ ಆಗ ಇದಕ್ಕೊಂದು ದಾರಿ ಇತ್ತು. ಆಟಕ್ಕೆ ಹೋಗುವ ತಂಡದ ಪಟ್ಟಿಯಲ್ಲಿ ಆಡದವರ ಹೆಸರನ್ನೂ ಒಂದೆರಡು ಸೇರಿಸುವುದು. ಅದನ್ನು ಮೋಸ ಎಂದು ಯಾರೂ ಕರೆಯುತ್ತಿರಲಿಲ್ಲ. ‘ಮಗುವಿಗೆ ಅನುಕೂಲ ಮಾಡಿಕೊಡಿ’ ಎನ್ನುತ್ತಿದ್ದರು, ಅಷ್ಟೆ. ಅಪ್ಪನೂ ಒಂದು ಸಂಜೆ ನಮ್ಮ ಪಿ.ಟಿ. ಮೇಷ್ಟ್ರನ್ನು ಮನೆಗೆ ಕರೆದು, ಕಾಫಿ ಕೊಟ್ಟು ಹಾಗೇ ಅಂದರು.

ಮೇಷ್ಟ್ರಿಗೂ ಒಂದು ತಾಪತ್ರಯವಿತ್ತು. ಖೋ ಖೋ ಆಡುವ ಹುಡುಗಿಯರನ್ನೇ ಹಿಡಿದು ತಂದು ಫುಟ್‌ಬಾಲ್ ತಂಡ ಮಾಡಿದ್ದರು. ಎಲ್ಲರೂ ಓಡುವವರೇ, ಒದೆಯುವವರು ಒಬ್ಬರೂ ಇಲ್ಲ. ಒದೆಯಲು ಬರುತ್ತಿದ್ದವಳು ಊರಿಗೆಲ್ಲ ಒಬ್ಬಳೇ. ಅವಳು ಶಾಲೆಯಲ್ಲಿರಲಿಲ್ಲ.

ಅವಳು ನಮ್ಮ ಹಿಂದಿನ ಬೀದಿಯವಳು. ನನ್ನದೇ ವಯಸ್ಸು. ಮನೆಮಾತು ತೆಲುಗು. ಅವರಮ್ಮ ಟೊಮೆಟೊ ಮಾರುತ್ತಿದ್ದರು. ಏಳನೇ ಕ್ಲಾಸಿಗೇ ಇವಳನ್ನು ಶಾಲೆ ಬಿಡಿಸಿ ಹಣ್ಣು ಆರಿಸಲು ಕೂರಿಸಿಕೊಂಡಿದ್ದರು. ಅದಕ್ಕೂ ಮೊದಲು ಎರಡು ವರ್ಷ ಅವಳು ಚಿನ್ನದ ಗಣಿ ಊರಿನಲ್ಲಿ ಸೋದರಮಾವನ ಮನೆಯಲ್ಲಿದ್ದಳು. ಅಲ್ಲಿ ಗಲ್ಲಿ ಗಲ್ಲಿಯಲ್ಲೂ ಫುಟ್‌ಬಾಲ್. ಕಲಿತು ಬಂದವಳು ಸುಮ್ಮನಿರುತ್ತಾಳೆಯೇ? ಸಂಜೆ ನಮ್ಮ ಶಾಲೆಯ ಮೈದಾನಕ್ಕೆ ನುಗ್ಗಿ, ಎಡಗಾಲಿನಲ್ಲಿ ಒದ್ದರೆ ಚೆಂಡು ಹೋಗಿ ನೀರಿನ ತೊಟ್ಟಿಯ ಗೋಡೆಗೆ ಬಡಿಯುತ್ತಿತ್ತು. ಎಲ್ಲಿಗೆ ಅಂತ ಹೇಳಿ ಒದೆಯುತ್ತಿದ್ದಳೋ ಅಲ್ಲಿಗೇ ಬಡಿಯುತ್ತಿತ್ತು.

ಮೇಷ್ಟ್ರು ಲೆಕ್ಕ ಹಾಕಿದರು. ನನಗೆ ಸರ್ಟಿಫಿಕೇಟ್ ಬೇಕು, ಆಟ ಬರುವುದಿಲ್ಲ. ಅವಳಿಗೆ ಆಟ ಬರುತ್ತದೆ, ಶಾಲೆಯಲ್ಲಿ ಹೆಸರಿಲ್ಲ. ಪಟ್ಟಿಯಲ್ಲಿ ನನ್ನ ಹೆಸರು, ಮೈದಾನದಲ್ಲಿ ಅವಳು. ಆಗ ಫಾರ್ಮಿಗೆ ಫೋಟೊ ಅಂಟಿಸಬೇಕೆಂಬ ಕಟ್ಟುನಿಟ್ಟೂ ಇರಲಿಲ್ಲ.

“ಯಾರಿಗೂ ನಷ್ಟ ಇಲ್ಲಮ್ಮ,” ಅಂದರು ಮೇಷ್ಟ್ರು. ನಾನೂ ತಲೆ ಆಡಿಸಿದೆ. ಅವಳಂತೂ ಆಡಲು ಸಿಕ್ಕರೆ ಸಾಕು ಎಂದು ಕುಣಿದಳು.

ಪಂದ್ಯ ಕೋಲಾರದಲ್ಲಿ, ನೀರು ಕೊಡಲೆಂದು ನಾನೂ ತಂಡದ ಜೊತೆ ಹೊರಟೆ. ಮುಳಬಾಗಿಲಿನಿಂದ ಕೋಲಾರದವರೆಗೂ ಬಸ್ಸಿನಲ್ಲಿ ನಮಗೆಲ್ಲ ಒಂದೇ ಕೆಲಸ, ಅವಳನ್ನು ನನ್ನ ಹೆಸರು ಹಿಡಿದು ಕೂಗುವುದು. ಕೂಗಿದರೆ ಪಾಪ, ಅವಳು ನನ್ನ ಕಡೆ ನೋಡುತ್ತಿದ್ದಳು! ಮೇಷ್ಟ್ರಿಗೆ ತಲೆ ಕೆಟ್ಟುಹೋಯಿತು. “ಲೇ, ನೀನು ಕಣೇ ಅವಳು! ತಿರುಗಬೇಕಾದ್ದು ನೀನು!” ಎಂದು ಗದರಿದರು. ಕಿಟಕಿ ಪಕ್ಕದ ಅಜ್ಜಿಯೊಬ್ಬರು, “ಇದೇನ್ರಮ್ಮಾ, ಹೆಸ್ರು ಇಷ್ಟ್ ಚೆನ್ನಾಗೈತೆ, ಹುಡುಗಿಗೆ ಕಿವಿ ಕೇಳಲ್ವಾ?” ಅಂದರು. ನಕ್ಕೂ ನಕ್ಕೂ ಹೊಟ್ಟೆ ನೋವು ಬಂತು. ಕೋಲಾರದ ಕ್ಲಾಕ್ ಟವರ್ ಕಾಣುವ ಹೊತ್ತಿಗೆ ಅವಳು ಸರಿಯಾಗಿ ತಿರುಗಲು ಕಲಿತಿದ್ದಳು.

ಕೊನೆಯ ಆಟ ಮಾಲೂರಿನ ಹುಡುಗಿಯರ ಮೇಲೆ. ನಾನು ಗೆರೆಯ ಆಚೆ ನೀರಿನ ಕೊಡ, ಹೆಚ್ಚಿದ ನಿಂಬೆಹಣ್ಣು ಇಟ್ಟುಕೊಂಡು ಕೂತಿದ್ದೆ. ಮಾಲೂರಿನವರು ಗಟ್ಟಿಗಿತ್ತಿಯರು. ಮೊದಲ ಅರ್ಧದಲ್ಲೇ ಒಂದು ಗೋಲು ಹೊಡೆದರು. ಆಮೇಲೆ ಇವಳು ಎದ್ದಳು. ಶೂ ಕಚ್ಚುತ್ತದೆ ಎಂದು ಬಿಚ್ಚಿ ನನ್ನ ಮಡಿಲಿಗೆ ಎಸೆದು, ರೆಫರಿ ಬೈದದ್ದಕ್ಕೆ ಮತ್ತೆ ಬಂದು ಹಾಕಿಕೊಂಡು, ಹೋಗಿ ಎರಡು ಗೋಲು ಹೊಡೆದಳು. ಎರಡನೆಯದು ಎಡಗಾಲಿನದು, ಮೂಲೆಯಿಂದ. ಮೈದಾನದ ಸುತ್ತ ನಿಂತಿದ್ದ ಜನ, ಸೈಕಲ್ ಇಳಿದು ನೋಡುತ್ತಿದ್ದವರು, ಕಡ್ಲೆಕಾಯಿ ಮಾರುವವನು, ಎಲ್ಲರೂ ನನ್ನ ಹೆಸರು ಹಿಡಿದು ಕೂಗಿದರು. ನನಗೆ ಮೈ ಜುಮ್ಮೆಂದಿತು. ನನ್ನ ಬಾಯಿಂದಲೂ ನನ್ನ ಹೆಸರೇ ಬಂತು.

ಆಟ ಮುಗಿದ ಮೇಲೆ ಬೆಂಗಳೂರಿನಿಂದ ಬಂದಿದ್ದ ಒಬ್ಬರು ಮೇಡಂ ಹತ್ತಿರ ಬಂದರು. ರಾಜ್ಯದ ತಂಡಕ್ಕೆ ಹುಡುಗಿಯರನ್ನು ಆರಿಸಲು ಊರೂರು ಸುತ್ತುತ್ತಿದ್ದವರು. ತಾವೂ ಒಂದು ಕಾಲಕ್ಕೆ ಆಡಿದವರಂತೆ, ಕುಂಟುತ್ತಿದ್ದರು.

“ಹೆಸರೇನಮ್ಮಾ?” ಎಂದು ನೋಟ್‌ಬುಕ್ ತೆಗೆದರು.

ಅವಳು ನನ್ನ ಕಡೆ ನೋಡಿದಳು. ನಾನು ಮೇಷ್ಟ್ರ ಕಡೆ ನೋಡಿದೆ. ಮೇಷ್ಟ್ರು ಆಕಾಶ ನೋಡುತ್ತಿದ್ದರು.

“ನಾಚ್ಕೊಬೇಡ, ಜೋರಾಗಿ ಹೇಳು,” ಅಂದರು ಮೇಡಂ.

ಅವಳು ಜೋರಾಗಿ ನನ್ನ ಹೆಸರು ಹೇಳಿದಳು.

“ಫಾರ್ಮಲ್ಲಿರೋ ಅಡ್ರೆಸ್ಸಿಗೆ ಕಾಗದ ಹಾಕ್ತೀನಿ. ಕ್ಯಾಂಪಿಗೆ ಬಾ. ಅಲ್ಲಿ ನಿಂತ್ಕೊಂಡ್ರೆ ಹಾಸ್ಟೆಲ್ ಕೊಡ್ತಾರೆ, ಊಟ, ಓದು ಎಲ್ಲ ಅವರದ್ದೇ. ಚೆನ್ನಾಗಿ ಆಡಿದ್ರೆ ಟೀಮ್ ಇಟ್ಕೊಂಡಿರೋ ಇಲಾಖೆಗಳು ಕರೆದು ಕೆಲಸ ಕೊಡ್ತವೆ. ಈ ಎಡಗಾಲು ಟೊಮೆಟೊ ಸಂತೇಲಿ ಇರ್ಬೇಕಾದ್ದಲ್ಲ ಕಣಮ್ಮ,” ಅಂದರು. ಟೊಮೆಟೊ ವಿಚಾರ ಅವಳೇ ಬಾಯಿ ತಪ್ಪಿ ಹೇಳಿದ್ದಳು.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಅವಳು ಮೊದಲ ಸಲ ಸಪ್ಪಗಿದ್ದಳು. “ಏಮೇ, ಕಾಗದ ನಿಮ್ಮನೇಗಲ್ವಾ ಬರೋದು? ನಿನ್ ಹೆಸ್ರಿಗೆ?” ಅಂದಳು.

“ಬಂದ್ರೆ ಏನಾಯ್ತು? ಬಂದ ತಕ್ಷಣ ನಿನ್ ಕೈಗೆ ತಂದ್ಕೊಡ್ತೀನಿ. ಹೋಗಿ ನಿಜ ಹೇಳು. ಅವ್ರಿಗೆ ಬೇಕಾಗಿರೋದು ನಿನ್ ಕಾಲು ಕಣೇ, ನನ್ ಹೆಸರಲ್ಲ,” ಅಂದೆ.

“ನನ್ ಮೇಲೆ ಒಟ್ಟು? ಆಣೆ ಮಾಡು.”

“ನಿನ್ ಮೇಲೆ ಒಟ್ಟು.”

ಆ ಮಾತನ್ನು ಆಡಿದಾಗ ನಾನು ನಿಜವಾಗಿಯೂ ಹಾಗೇ ಅಂದುಕೊಂಡಿದ್ದೆ. ಇದನ್ನು ನನ್ನ ಪರವಾಗಿ ಹೇಳುತ್ತಿಲ್ಲ. ಅಂದುಕೊಳ್ಳುವುದಕ್ಕೇನು, ಯಾರು ಬೇಕಾದರೂ ಅಂದುಕೊಳ್ಳುತ್ತಾರೆ.

ಎರಡು ತಿಂಗಳಾದ ಮೇಲೆ ಕಾಗದ ಬಂತು. ಅಪ್ಪ ಕಚೇರಿಗೆ ಹೋಗಿದ್ದರು. ಬಾಗಿಲಲ್ಲಿ ನಾನೇ ಇಸಿದುಕೊಂಡೆ. ಟೈಪ್ ಮಾಡಿದ ಹಾಳೆ, ಕೆಳಗೆ ಮೇಡಂ ಕೈಬರಹದಲ್ಲಿ ಎರಡು ಸಾಲು: ‘ನಿನ್ನಂಥ ಎಡಗಾಲು ನೋಡಿ ಬಹಳ ವರ್ಷವಾಯಿತು. ತಪ್ಪದೆ ಬಾ.’ ಮೇಲೆ ನನ್ನ ಹೆಸರು.

ನಾಚಿಕೆಗೇಡಿನ ಸಂಗತಿ ಏನೆಂದರೆ, ಆ ದಿನವೆಲ್ಲ ಆ ಕಾಗದ ನನಗೇ ಬಂದದ್ದು ಎಂಬಂತೆ ನಾನು ಓಡಾಡಿದೆ. ಕನ್ನಡಿಯ ಮುಂದೆ ನಿಂತು ಎಡಗಾಲು ಎತ್ತಿ ನೋಡಿಕೊಂಡೆ. ಯಾರೂ ಯಾವತ್ತೂ ನನಗೆ ‘ತಪ್ಪದೆ ಬಾ’ ಎಂದು ಬರೆದಿರಲಿಲ್ಲ. ರಾತ್ರಿಯೊಳಗೆ ಆ ಖುಷಿ ಇಳಿದು ಭಯ ಹತ್ತಿತು. ಅವಳು ಹೋಗಿ ನಿಜ ಹೇಳಿದರೆ? ಸರ್ಟಿಫಿಕೇಟ್ ಕಿತ್ತುಕೊಂಡರೆ? ಅಪ್ಪನ ಮಾನ, ಮೇಷ್ಟ್ರ ಕೆಲಸ? ಅಪ್ಪನಿಗೆ ಹೇಳಬಹುದಿತ್ತು. ಮೇಷ್ಟ್ರನ್ನು ಕೇಳಬಹುದಿತ್ತು. ಯಾರಿಗೂ ಹೇಳಲಿಲ್ಲ. ಅವರ ಹೆಸರು ಹೇಳಿಕೊಂಡು ನಾನು ಹೆದರಿದ್ದು ನನ್ನ ಸೀಟಿಗೆ. ಕಾಗದವನ್ನು ವಿಜ್ಞಾನದ ಪುಸ್ತಕದ ಬ್ರೌನ್ ಪೇಪರ್ ರಟ್ಟಿನೊಳಗೆ ತುರುಕಿದೆ.

ಅವಳು ಸಂಜೆ ಖಾಲಿ ಬುಟ್ಟಿ ಹೊತ್ತು ನಮ್ಮ ಮನೆ ಮುಂದೆಯೇ ಹಾದು ಹೋಗುತ್ತಿದ್ದಳು. ನಾನು ಜಗಲಿಯ ಮೇಲೆ ಓದುತ್ತಾ ಕೂತಿರುತ್ತಿದ್ದೆ, ಅದೇ ಪುಸ್ತಕ.

“ಏಮೇ, ಬಂತಾ?”

“ಇಲ್ಲ ಕಣೇ.”

“ಆ ಮೇಡಂ ಅಡ್ರೆಸ್ ಏನಾದ್ರೂ ಗೊತ್ತಾ? ನಾನೇ ಬರೀತೀನಿ.”

“ನನಗೆಲ್ಲಿ ಗೊತ್ತಿರುತ್ತೆ?”

ಅಡ್ರೆಸ್ ನನ್ನ ಹೆಬ್ಬೆರಳ ಕೆಳಗಿತ್ತು.

ಕ್ಯಾಂಪಿನ ದಿನ ಹತ್ತಿರ ಬಂತು, ಬಂದು ದಾಟಿತು. ದಾಟಿದ ಮಾರನೆಯ ಬೆಳಿಗ್ಗೆ ಕಾಗದವನ್ನು ಬಚ್ಚಲೊಲೆಗೆ ಹಾಕಿ, ಆ ನೀರಿನಲ್ಲೇ ತಲೆಗೆ ಸ್ನಾನ ಮಾಡಿದೆ. ಅವಳು ಇನ್ನೂ ಕೆಲವು ದಿನ ಕೇಳಿದಳು. ಆಮೇಲೆ ಕೇಳುವುದನ್ನು ಬಿಟ್ಟಳು. ಮೈದಾನಕ್ಕೆ ಬರುವುದನ್ನೂ ಬಿಟ್ಟಳು. ನಾನು ಪಿ.ಯು.ಸಿ.ಯಲ್ಲಿದ್ದಾಗ ಅವಳು ಮದುವೆಯಾಗಿ ಶ್ರೀನಿವಾಸಪುರದ ಕಡೆಗೆ ಹೋದಳಂತೆ. ಕೇಳಿ, ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ನಿರಾಳವಾಯಿತು.

ಟೀಚರ್ ಆಗಿ ಕೆಲವು ವರ್ಷಗಳಾದ ಮೇಲೆ ಶ್ರೀನಿವಾಸಪುರ ತಾಲ್ಲೂಕಿನ ಒಂದು ಹಳ್ಳಿ ಶಾಲೆಗೆ ನನಗೆ ವರ್ಗವಾಯಿತು. ಜೂನ್ ತಿಂಗಳು, ಮಾವಿನ ಸುಗ್ಗಿ. ಒಂದನೇ ತರಗತಿಗೆ ಮಕ್ಕಳನ್ನು ಸೇರಿಸಿಕೊಳ್ಳುತ್ತಿದ್ದೆ. ಒಬ್ಬಳು ಹೆಂಗಸು ಮಗುವಿನ ಕೈ ಹಿಡಿದು ಮೇಜಿನ ಮುಂದೆ ನಿಂತಳು. ಕೈ ತುಂಬ ಮಾವಿನ ಸೊನೆ ಸುಟ್ಟ ಕಲೆ. ತಲೆ ಎತ್ತಿದೆ.

“ಅಯ್ಯೋ ದೇವ್ರೇ, ನೀನಾ! ಟೀಚರ್ ಆಗ್ಬಿಟ್ಯಾ?” ಅಂದವಳು, ಸುತ್ತ ಇದ್ದವರನ್ನು ನೋಡಿ ನಾಲಿಗೆ ಕಚ್ಚಿಕೊಂಡು, “ಆಗ್ಬಿಟ್ರಾ?” ಎಂದು ತಿದ್ದಿಕೊಂಡಳು.

“ಹೋಗೇ, ನನಗೇನು ಮರ್ಯಾದೆ ಕೊಡ್ತೀಯ,” ಅಂದೆ. ಅವಳು ಅದನ್ನು ಸಲಿಗೆ ಎಂದುಕೊಂಡು ನಕ್ಕಳು.

ಪೆನ್ನು ತೆಗೆದೆ. “ಮಗು ಹೆಸರು?”

ಅವಳು ಹುಡುಗಿಯ ಬೆನ್ನು ತಟ್ಟಿದಳು. “ಹೇಳೇ, ಮಿಸ್ಸಿಗೆ ಹೇಳು. ಜೋರಾಗಿ ಹೇಳ್ಬೇಕು.”

ಮಗು ಜೋರಾಗಿ ಹೇಳಿತು. ನನ್ನ ಹೆಸರು.

“ನನ್ ಹೆಸ್ರು ಯಾಕೇ ಇಟ್ಟೆ?” ಅಂದೆ.

“ಇವ್ರಪ್ಪ ಬೇಡ ಅಂದ್ರು, ನಾನೇ ಹಟ ಹಿಡ್ದೆ. ಆವತ್ತು ಕೋಲಾರದಲ್ಲಿ ಅಷ್ಟೊಂದು ಜನ ಕೂಗಿದ್ದು ಆ ಹೆಸ್ರೇ ತಾನೇ? ನನ್ ಹೆಸ್ರು ಕೂಗಿದ್ರೆ ಏನಕ್ಕೆ ಹೇಳು, ಕಸ ಗುಡ್ಸು, ಹಣ್ಣು ಆರ್ಸು, ಅಷ್ಟೇ. ಆ ಹೆಸ್ರಲ್ಲಿ ಏನೋ ಅದೃಷ್ಟ ಐತೆ ಕಣೇ. ನೋಡು, ನೀನು ಟೀಚರ್ ಆದೆ.” ಸ್ವಲ್ಪ ಬಗ್ಗಿ ದನಿ ತಗ್ಗಿಸಿದಳು. “ಒಂದ್ ಮಾತು ಕೇಳ್ಲಾ? ಆ ಕಾಗದ ಬರ್ಲೇ ಇಲ್ವಾ?”

ಹೇಳಿಬಿಡು, ಅಂದಿತು ಮನಸ್ಸು. ಇನ್ನೇನು ಹೋಗುತ್ತದೆ, ಹೇಳು. ಹಿಂದೆ ನಾಲ್ಕಾರು ತಾಯಂದಿರು ಕಾಯುತ್ತಾ ನಿಂತಿದ್ದರು. ನಾನು ಅವರೆಲ್ಲರ ಮಿಸ್ಸು.

“ಇಲ್ಲ ಕಣೇ,” ಅಂದೆ.

“ಹೋಗ್ಲಿ ಬಿಡು. ನಮ್ ಹಣೇಲಿ ಬರ್ದಿರ್ಲಿಲ್ಲ,” ಅಂದಳು. ತಪ್ಪನ್ನು ಹಣೆಬರಹದ ಮೇಲೆ ಹೊರಿಸಿದಳು, ನಾನು ಅದನ್ನೂ ತಿದ್ದಲಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಎನ್ನುತ್ತಾರೆ. ಹೋದ ಮಾನದ ಮಾತು ಹಾಗಿರಲಿ, ಒಂದು ನಿಜ ಕೊಡಲೂ ನನ್ನ ಕೈ ಬರಲಿಲ್ಲ.

ಆ ಮಗು ನಮ್ಮ ಶಾಲೆಯಲ್ಲಿ ಐದು ವರ್ಷ ಓದಿತು. ಬಿಡುವಿನಲ್ಲಿ ಉದುರಿದ ಮಾವಿನ ಮಿಡಿಗಳನ್ನು ಎಡಗಾಲಿನಲ್ಲಿ ಒದ್ದು ಕಾಂಪೌಂಡ್ ಗೋಡೆಗೆ ಬಡಿಯುತ್ತಿತ್ತು. ಐದು ವರ್ಷ, ದಿನಾ ಬೆಳಿಗ್ಗೆ ಹಾಜರಿ ಪುಸ್ತಕ ತೆರೆದು ನಾನೇ ನನ್ನ ಹೆಸರು ಕೂಗಿದೆ. “ಹಾಜರ್ ಮಿಸ್!” ಎಂದು ಅವಳ ಮಗಳು ಎದ್ದು ನಿಲ್ಲುತ್ತಿದ್ದಳು. ನಾನು ತಲೆ ಎತ್ತದೆ ಗುರುತು ಹಾಕಿ ಮುಂದಿನ ಹೆಸರು ಕೂಗುತ್ತಿದ್ದೆ.